ಕೊನೆಯ ಸಾಲಿನ ಓಟ

ಬಟಾಣಿ ಸಿಪ್ಪೆ ಬಿರಿಯುವ ಸದ್ದೂ ಪಕ್ಕದ ಕೋಣೆಯ ಟಿಕ್ಕೂ ಒಟ್ಟಿಗೇ ಬೀಳುತ್ತಿವೆಯಲ್ಲ, ಟಿಕ್ಕಿಗೊಂದು ಕಾಯಿ, ಟಿಕ್ಕಿಗೊಂದು ಕಾಯಿ, ಥೂ ನನ್ನ ಬೆರಳೇ, ನೀನೂ ಅದರ ಪಕ್ಷ ಸೇರಿಬಿಟ್ಟೆಯಾ — ಬೇಕೆಂದೇ ನಿಲ್ಲಿಸುತ್ತೇನೆ, ಮತ್ತೆ ಸುಲಿಯುತ್ತೇನೆ, ಎರಡನೇ ಕಾಯಿಗೇ ಮತ್ತೆ ಅದರ ಜೊತೆ ಹೆಜ್ಜೆ. ಬೆಂಕಿಪೊಟ್ಟಣದಷ್ಟಿದೆ, ನೆತ್ತಿಯ ಮೇಲೊಂದು ಕೆಂಪು ದೀಪ, ಎಪ್ಪತ್ತೆರಡು ಎಂದು ಒತ್ತಿದರೆ ನಿಮಿಷಕ್ಕೆ ಎಪ್ಪತ್ತೆರಡೇ ಸಲ ಬಡಿಯುತ್ತದೆ, ಕೆಮ್ಮಿಲ್ಲ, ನೆಗಡಿಯಿಲ್ಲ, ಮಂಡಿನೋವಿಲ್ಲ, ತಾಳ ಹಿಡಿಯುವ ಯಂತ್ರ, ಮೆಟ್ರೊನೋಮ್ ಅಂತೆ ಹೆಸರು, ನನ್ನ ಬಾಯಲ್ಲಿ ಡಬ್ಬಿ. ಮೊಮ್ಮಗಳು ಪಿಟೀಲು ಹಿಡಿದು ಅದರ ಮುಂದೆ ನಿಂತಿದ್ದಾಳೆ, ಬಾಗಿಲ ಸಂದಿಯಿಂದ ಕಾಣುತ್ತದೆ, ರೆಪ್ಪೆ ಹೊಡೆಯದೆ ನೋಡುವ ಆ ನೋಟ — ಆರು ವರ್ಷದವಳಾಗಿದ್ದಾಗಿನಿಂದ ಆ ನೋಟ ನನ್ನ ಕೈಯ ಮೇಲಿತ್ತು, ತೊಡೆಯ ಮೇಲೆ ಏಳುತ್ತ ಬೀಳುತ್ತ ಹತ್ತು ವರ್ಷ ಅವಳಿಗೆ ತಾಳ ಹಾಕಿದ ಈ ಕೈ, ಈಗ ಬಟಾಣಿ ಸುಲಿಯುವುದಕ್ಕೆ ಲಾಯಕ್ಕು. ಹೋದ ತಿಂಗಳು ಡಬ್ಬಿಯ ಬ್ಯಾಟರಿ ಬಿಚ್ಚಿ ಹೊಲಿಗೆ ಯಂತ್ರದ ಖಾನೆಯಲ್ಲಿ ಅಡಗಿಸಿಟ್ಟೆ, ಅಜ್ಜೀ ಬ್ಯಾಟರಿ ನೋಡಿದ್ಯಾ, ನಾನ್ಯಾಕೆ ನೋಡ್ಲಿ ಪುಟ್ಟಿ, ನಂಗೇನು ಅದು ಹೊಟ್ಟೆಗಾಗತ್ತಾ, ಅವಳು ಗೋಡೆ ಗಡಿಯಾರದ್ದನ್ನು ಬಿಚ್ಚಿ ಡಬ್ಬಿಗೆ ಹಾಕಿಕೊಂಡಳು, ಮೂರು ದಿನ ನಮ್ಮ ಮನೆಯಲ್ಲಿ ಬರೀ ಹತ್ತೂಕಾಲು.

ಅದೇ ಖಾನೆಯಲ್ಲಿ ಕಾಗದವೂ ಇದೆ, ಆರು ವಾರದಿಂದ. ನನ್ನೆದುರೇ ಒಂದು ಸಲ ಹುಡುಗಿಯ ಪಿಟೀಲು ಕೇಳಿ ಡಬ್ಬಿ ಕೊಟ್ಟವಳು ಪೇಟೆಯಾಚೆಯ ದೊಡ್ಡ ಟೀಚರು, ಅವಳ ಹತ್ತಿರ ಸೇರಬೇಕಾದರೆ ಮೊದಲು ಕಲಿಸಿದವರು ಒಪ್ಪಿ ಕೈಯಾರೆ ಬರೆದುಕೊಡಬೇಕು, ಅದು ಅವಳ ಕಟ್ಟಳೆ. ಅಪ್ಪನಿಂದ ಪಿಟೀಲು ಕಲಿತಾಗ ನನಗೆ ಅಕ್ಷರ ಗೊತ್ತಿರಲಿಲ್ಲ, ಅಕ್ಷರ ಬಂದದ್ದು ನಲವತ್ತು ದಾಟಿದ ಮೇಲೆ, ರಾತ್ರಿ ಶಾಲೆಯಲ್ಲಿ, ಆ ಅಕ್ಷರದಲ್ಲೇ ಬರೆದೆ, ಹುಡುಗಿಯನ್ನು ನಿಮಗೆ ಒಪ್ಪಿಸಲು ನನ್ನ ಅಭ್ಯಂತರವಿಲ್ಲ — ಬರೆದದ್ದೇನೋ ಬರೆದೆ, ಅಂಚೆಗೆ ಹಾಕಲು ಕೈ ಬರಲಿಲ್ಲ. ಸೋಮವಾರದೊಳಗೆ ಮುಟ್ಟದಿದ್ದರೆ ಆ ಜಾಗ ಬೇರೆ ಯಾರಿಗೋ. ಕಾಗದ ಹಾಕಿದ್ಯಾ ಅಜ್ಜೀ ಎಂದು ಕೇಳಿದಾಗಲೆಲ್ಲ ಅಂಚೆಯವ್ರಿಗೂ ನೂರೆಂಟು ಕೆಲಸ ಇರತ್ತಲ್ಲ ಪುಟ್ಟಿ ಎನ್ನುತ್ತೇನೆ, ನೋಡು, ಸುಳ್ಳೂ ಅಲ್ಲ ನಿಜವೂ ಅಲ್ಲ.

ಟಿಕ್ ನಿಂತಿತು. ಬಂದಳು, ಕಣ್ಣು ಕೆಂಪಗೆ. ಅಜ್ಜೀ, ನನ್ನಲ್ಲೇ ಏನೋ ಐಬಿದೆ, ಕೊನೇ ಸಾಲು ಬಂದ್ರೆ ಸಾಕು ಓಡಿಬಿಡ್ತೀನಿ, ಡಬ್ಬಿ ಹಿಂದೆ ಉಳಿಯತ್ತೆ, ಆವತ್ತು ಟೀಚರೂ ಕೇಳಿಸ್ಕೊಂಡ್ರು, ಅದಕ್ಕೇ ಅವರಿಂದ ಸುದ್ದಿಯಿಲ್ಲ ಅನ್ಸತ್ತೆ, ನಾನು ಬೇಡ ಅವರಿಗೆ. ಕೊನೆಯ ಸಾಲು — ಅಯ್ಯೋ, ಮೊದಲು ಹಿಗ್ಗಿದೆ, ನಿಜ ಹೇಳುತ್ತೇನೆ, ಡಬ್ಬಿಗೆ ಅವಳೊಳಗಿನಿಂದ ನನ್ನನ್ನು ಕೆರೆದು ತೆಗೆಯಲಾಗಲಿಲ್ಲವಲ್ಲ ಎಂದು ಹಿಗ್ಗಿದೆ, ಏಕೆಂದರೆ ಅದು ನನ್ನ ಓಟ. ಬಟ್ಟೆ ಕಾರ್ಖಾನೆಗೆ ಹೋಗುತ್ತಿದ್ದ ಕಾಲ, ಬೆಳಿಗ್ಗೆ ಓಣಿಯ ಮಕ್ಕಳಿಗೆ ಪಾಠ, ಕೊನೆಯ ಸಾಲಿಗೆ ಬರುವಷ್ಟರಲ್ಲಿ ಮೊದಲ ಗಂಟೆ ಹೊಡೆಯುವ ಹೊತ್ತು, ಒಂದು ಕಿವಿ ಅತ್ತ, ಕೈ ತಾನಾಗಿ ಚುರುಕು, ಮುಗ್ಸಿ ಮುಗ್ಸಿ, ಮೇಸ್ತ್ರಿ ಬಾಗಿಲು ಹಾಕ್ತಾನೆ. ನನ್ನ ಮಗಳೂ ಅಲ್ಲೇ ಓಡುತ್ತಿದ್ದಳು, ಓಣಿಯ ಅಷ್ಟೂ ಮಕ್ಕಳು ಅಲ್ಲೇ ಓಡುತ್ತಿದ್ದರು, ನಾವದನ್ನು ಹುರುಪು ಎಂದುಕೊಂಡಿದ್ದೆವು. ಕೆಲಸ ಬಿಟ್ಟೆ, ಇವಳು ಹುಟ್ಟಿದಳು, ಅವಸರವಿಲ್ಲದ ಮಧ್ಯಾಹ್ನಗಳಲ್ಲಿ ಕಲಿಸಿದೆ, ಕೈ ಮಾತ್ರ ಇನ್ನೂ ಗಂಟೆಗೆ ಹೆದರುತ್ತಿತ್ತು. ಮೂಗು ಒರೆಸಿಕೊಳ್ಳುತ್ತ ನಿಂತಿದ್ದಾಳೆ ಹುಡುಗಿ, ನಾನು ಬೇಡ ಅವರಿಗೆ, ಎಷ್ಟು ತಣ್ಣಗೆ ಹೇಳಿದಳು. ನಿನ್ನ ಐಬಲ್ಲ ಕಣೇ, ಅಂದೆ, ನಂದು, ಕಾಗದ ಅಲ್ಲಿಗೆ ಹೋಗೇ ಇಲ್ಲ, ನನ್ನ ಹತ್ರಾನೇ ಇದೆ. ಅಜ್ಜೀ, ಅಂದಳು, ಅಷ್ಟೇ, ಬಯ್ದಿದ್ದರೆ ಚೆನ್ನಾಗಿತ್ತು.

ಖಾನೆ ಎಳೆದೆ, ಕಾಗದದ ತುದಿಗೆ ಇನ್ನೊಂದು ಸಾಲು, ಕೊನೆಯ ಸಾಲಿನಲ್ಲಿ ಓಡುತ್ತಾಳೆ, ಕಲಿಸಿದ ನನ್ನ ತಪ್ಪು, ಅವಳದಲ್ಲ, ನಿಧಾನವಾಗಿ ಬಿಡಿಸಿ. ಅಂಟು, ಚಪ್ಪಲಿ, ಮೆಟ್ಟಿಲು, ಮಂಡಿಯೇ ಸುಮ್ಮನಿರು, ನಾಲ್ಕು ಗಂಟೆಗೆ ಅಂಚೆಯವನು ಪೆಟ್ಟಿಗೆ ಬಿಚ್ಚುತ್ತಾನೆ. ಡಬ್ಬಿಯ ಮೇಲೆ ಉರಿದುಕೊಂಡದ್ದೆಲ್ಲ ದಂಡ, ಪಾಪ ಅದಕ್ಕೆ ಕೈಯೇ ಇಲ್ಲ, ಆ ಟೀಚರಿಗಿದೆ, ಓಟ ಬಿಡಿಸಬೇಕೆಂದರೆ ಡಬ್ಬಿ ಆರಿಸಿ ಕೈ ಎತ್ತಲೇಬೇಕಲ್ಲ, ಬಳೆಯಿಲ್ಲದ ಉದ್ದ ಬೆರಳಿನ ಕೈ, ಅವಳ ತೊಡೆಯ ಮೇಲೆ — ಬ್ರೆಡ್ಡಿನಂಗಡಿ ದಾಟಿದೆ, ಆ ಕೈ, ರಸ್ತೆ ದಾಟಿದೆ, ಆ ಕೈ, ಪೆಟ್ಟಿಗೆಯ ಬಾಯಿ ತಣ್ಣಗಿದೆ, ಕಾಗದದ ತುದಿ ಇನ್ನೂ ನನ್ನ ಎರಡು ಬೆರಳ ನಡುವೆ, ಬಿಟ್ಟೆ, ಒಳಗೆ ಬಿದ್ದ ಸದ್ದು, ಅಲ್ಲಿ ಆ ಕೈ ಏಳುತ್ತದೆ, ನನ್ನ ಹುಡುಗಿ ರೆಪ್ಪೆ ಹೊಡೆಯದೆ ಅದನ್ನೇ ನೋಡುತ್ತಾಳೆ, ಆ ಕೈ, ಅದನ್ನೇ —