ಯೂರಿಯಾ ಕರಗಿದ ನೀರು

ನನ್ನಜ್ಜಿ ರಾಮಮ್ಮನಿಗೆ ಎಂಟ್ರೊಪಿ ತೋರಿಸಿಕೊಡುವ ಹುಚ್ಚು ನನಗೆ ಹುಟ್ಟಬಾರದಿತ್ತು.

ಮಡಿಕೇರಿಯಲ್ಲಿ ಬಿ.ಎಸ್ಸಿ. ಓದುತ್ತಿದ್ದವಳು ರಜೆಗೆಂದು ಕುಶಾಲನಗರದ ಹತ್ತಿರದ ನಮ್ಮೂರಿಗೆ ಬಂದಿದ್ದೆ. ನಮ್ಮ ಗದ್ದೆಗೆ ಯೂರಿಯಾ ಬಂದದ್ದು ಆ ವರ್ಷವೇ. ಬೆಳಗ್ಗೆ ಅಂಗಳದಲ್ಲಿ ಅಗಲ ಬಾಯಿಯ ಪಾತ್ರೆಗೆ ನೀರು ಹೊಯ್ದು, ಎರಡು ಸೇರು ಯೂರಿಯಾ ಸುರಿದು, ಅಜ್ಜಿಯ ಕೈ ಹಿಡಿದು ಅದರೊಳಗೆ ಅದ್ದಿದೆ.

"ಅವ್ವಯ್ಯ, ಕೊರೀತದಲ್ಲೇ! ಒಲೆ ಇಲ್ದೆ ನೀರು ಬಿಸಿ ಆಗಾಕಿಲ್ಲ. ಇದು ಏನೂ ಇಲ್ದೆ ಹೆಂಗೆ ತಣ್ಣಗಾಯ್ತು?"

ಅವಳ ಕಥೆ ಕೇಳಿ ಬೆಳೆದವಳು ನಾನು, ಕಥೆಯಾಗಿಯೇ ಹೇಳಿದೆ. "ಯೂರಿಯಾದ ಹರಳು ಒಂದು ಕೋಟೆ ಕಣಜ್ಜಿ. ಒಳಗೆ ಕಣಗಳೆಲ್ಲ ಸಾಲಾಗಿ ಕೈ ಹಿಡ್ಕೊಂಡು ನಿಂತಿರ್ತವೆ. ನೀರು ಬಂದು ಬಾಗಿಲು ತೆಗೆದ್ರೆ ದಿಕ್ಕಾಪಾಲಾಗಿ ಓಡ್ತವೆ. ಹಂಗೆ ಚೆದುರೋದನ್ನ ಅಳೆಯೋಕೇ ಎಂಟ್ರೊಪಿ ಅಂತಾರೆ."

"ಓಡೋರಿಗೆ ಬುತ್ತಿ ಯಾರು ಕಟ್ಟಿದ್ರು?"

"ನೀರಿನ ಬಿಸಿನೇ ಬುತ್ತಿ. ಅದನ್ನ ಕಿತ್ಕೊಂಡು ಓಡಿದ್ಕೇ ನೀರು ತಣ್ಣಗಾಗಿದ್ದು."

"ಕಳ್ಳಮುಂಡೇವು," ಎಂದು ಅಜ್ಜಿ ನಕ್ಕಳು.

ಅಷ್ಟರಲ್ಲಿ ಪಕ್ಕದ ಮನೆಯ ಸಿದ್ದಮ್ಮ ಹಸು ಹೊಡೆದುಕೊಂಡು ಬಂದಳು. ಮೇವು ಮುಟ್ಟುತ್ತಿಲ್ಲವಂತೆ. ದನಗಳ ಮದ್ದಿಗೆ ಸುತ್ತಲ ಊರಿಗೆಲ್ಲ ಅಜ್ಜಿಯ ಕೈಯೇ ಆಗಬೇಕು. ಓಂಕಾಳು, ಬೆಳ್ಳುಳ್ಳಿ, ಮೆಣಸು ಅರೆದು ಬಿದಿರಿನ ಗೊಟ್ಟದಲ್ಲಿ ಹಸುವಿನ ಗಂಟಲಿಗೆ ಹೊಯ್ದಳು. ಕಾಪಿಗೆಂದು ಮೂವರೂ ಒಳಗೆ ಹೋದೆವು. ಮೊದಲು ಹೊರಗೆ ಬಂದವಳು ನಾನು. ಖಾರಕ್ಕೆ ಬಾಯಾರಿತ್ತೋ ಏನೋ, ಹಸು ಯೂರಿಯಾ ಪಾತ್ರೆಯ ತಳ ನೆಕ್ಕುತ್ತಿತ್ತು. ಏನಾದೀತು ಎಂದುಕೊಂಡು ಪಾತ್ರೆಯನ್ನು ಎತ್ತಿ ಬೋರಲು ಹಾಕಿದೆ.

ಅರ್ಧ ಗಂಟೆಯಲ್ಲಿ ಹಸು ನಡುಗತೊಡಗಿತು. ಬಾಯಲ್ಲಿ ನೊರೆ ಬಂತು, ಹೊಟ್ಟೆ ಉಬ್ಬಿತು. ಬಗ್ಗಿ ನೋಡಿದರೆ ಅದರ ಉಸಿರಿನಲ್ಲಿ ನಮ್ಮ ಲ್ಯಾಬಿನ ಅಮೋನಿಯಾ ಬಾಟಲಿಯ ಘಾಟು. ಎಲ್ಲವೂ ತಿಳಿಯಿತು. ಕರಗಿದ್ದು ಕರಗಿ ಸುಮ್ಮನಾಗಿರಲಿಲ್ಲ. ಹಸುವಿನ ಹೊಟ್ಟೆಯಲ್ಲಿ ಯೂರಿಯಾ ನೀರಿನೊಡನೆ ಸೇರಿ ಒಡೆಯುತ್ತಿತ್ತು. ಒಂದೊಂದು ಕಣದಿಂದ ಎರಡು ಅಮೋನಿಯಾ, ಒಂದು ಕಾರ್ಬನ್ ಡೈಆಕ್ಸೈಡ್. ನೀರಿನಲ್ಲಿದ್ದದ್ದು ಅನಿಲವಾದರೆ ಎಂಟ್ರೊಪಿ ಬಹಳ ಹೆಚ್ಚುತ್ತದೆ. ಪರೀಕ್ಷೆಯಲ್ಲಿ ಇದನ್ನೇ ಬರೆದು ಪೂರ್ತಿ ಅಂಕ ಪಡೆದಿದ್ದೆ. ಅಮೋನಿಯಾವನ್ನು ಹುಳಿ ಕಟ್ಟಿಹಾಕುತ್ತದೆ ಎಂಬುದೂ ಗೊತ್ತಿತ್ತು. ಅಡುಗೆಮನೆಯಲ್ಲಿ ಒಂದು ಬಾಟಲಿ ತುಂಬ ಕಾಚಂಪುಳಿ, ನಮ್ಮ ಕೊಡಗಿನ ಕಪ್ಪನೆಯ ಹುಳಿರಸ, ಇತ್ತು, ಅದಕ್ಕಿಂತ ಹುಳಿ ಬೇಕೆ? ಆದರೆ ಹುಳಿ ಕುಡಿಸಿ ಎಂದರೆ ಯಾಕೆ ಎಂದು ಕೇಳುತ್ತಿದ್ದರು.

ನಾನು ಹೇಳಲಿಲ್ಲ. ಹಸು ಸತ್ತಿತು.

"ಅದೇನು ಕುಡಿಸ್ಬಿಟ್ಟೆ ರಾಮವ್ವ!" ಸಿದ್ದಮ್ಮ ಎದೆ ಬಡಿದುಕೊಂಡಳು. "ನಡ್ಕೊಂಡು ಬಂದ ದನ ಕಣವ್ವ!"

ಅಜ್ಜಿ ತನ್ನ ಅಂಗೈಗಳನ್ನೇ ನೋಡುತ್ತ ಕುಳಿತಳು.

ಮೂರನೆಯ ದಿನ ಕೆಳಕೇರಿಯ ಜವರ ಕಾಯಿಲೆಯ ಕರು ಹೊತ್ತು ತಂದ. "ನನ್ ಕೈ ಸರಿಯಿಲ್ಲಪ್ಪ, ಬೇರೆ ಯಾರ್ನಾದ್ರೂ ನೋಡು," ಎಂದು ಅಜ್ಜಿ ಬಾಗಿಲು ಮುಂದೆ ಮಾಡಿದಳು. ಇನ್ನು ತಡೆಯಲಾಗಲಿಲ್ಲ. ಎಲ್ಲವನ್ನೂ ಹೇಳಿಬಿಟ್ಟೆ.

ಅಜ್ಜಿ ಒಂದೇ ಮಾತು ಕೇಳಿದಳು. "ನಿಂಗೆ ಗೊತ್ತಾದಾಗ ಹಸು ಉಸ್ರಾಡ್ತಿತ್ತಾ?"

"ಹೂಂ."

"ನಂಗ್ಯಾಕೆ ಹೇಳ್ತೀಯ? ನಡಿ."

ಅಜ್ಜಿಯ ಹಿಂದೆ ಹೋದಾಗ ಸಿದ್ದಮ್ಮ ರಾಗಿ ಬೀಸುತ್ತಿದ್ದಳು. ಅವಳೆದುರು ನಿಂತು ಹೇಳಿದೆ. ಹುಳಿಯ ವಿಷಯವನ್ನೂ ಬಿಡಲಿಲ್ಲ.

"ಅಂದ್ರೆ, ಬದುಕ್ತಿತ್ತಾ?"

"ಬದುಕಬಹುದಿತ್ತು."

ಬೀಸುವ ಕಲ್ಲು ನಿಂತಿತು. ಸಿದ್ದಮ್ಮ ಎದ್ದು ಬಂದು ಅಜ್ಜಿಯ ಕಾಲು ಹಿಡಿದಳು. "ಮೂರು ದಿನ ಊರೆಲ್ಲ ನಿನ್ನ ಆಡ್ಕೊಂಡು ಬಂದೆ ರಾಮವ್ವ, ನನ್ ಬಾಯಿಗಿಷ್ಟು ಮಣ್ಣು ಹಾಕ." ಆಮೇಲೆ ನನ್ನತ್ತ ತಿರುಗಿದಳು. "ಈಗ ನಿನ್ನ ಬೈತೀನಿ. ಎಲ್ಲೂ ಹೋಗ್ಬೇಡ, ಅಲ್ಲೇ ನಿಂತ್ಕೋ."

ನಿಂತೆ. ಆದರೆ ಅವಳಿಗೆ ಬೈಗುಳ ಹೊರಡಲಿಲ್ಲ. ಸೆರಗು ಬಾಯಿಗೆ ಒತ್ತಿಕೊಂಡು ಅಳತೊಡಗಿದಳು. ಒಂದೆರಡು ಏಟು ಹಾಕಿದ್ದರೂ ಆಗುತ್ತಿತ್ತು.