ಹೊಸಿಲಲ್ಲಿ ಒಡೆದ ಬೋಗುಣಿ

ಪಿಂಗಾಣಿ ಕಾರ್ಖಾನೆಯ ಸಂಜೆಯ ಸೀಟಿ ಕೂಗಿದಾಗ ನಾನು ಹೊಸ ಪೊರಕೆ ಹಿಡಿದು ಬಾಗಿಲ ಹಿಂದೆ ನಿಂತಿದ್ದೆ. ನಲವತ್ತೇಳು ವರ್ಷದ ಹೆಂಗಸು ನಾನು. ಎದೆ ಮಾತ್ರ ಹದಿನೆಂಟರ ಹುಡುಗಿಯದರಂತೆ ಬಡಿದುಕೊಳ್ಳುತ್ತಿತ್ತು. ಮರುದಿನ ಭಟ್ಟಿ ಕೆಲಸದ ಅಲೊಯ್ಜನೊಡನೆ ನನ್ನ ಮದುವೆ, ಎರಡನೆಯದು.

ನಮ್ಮಲ್ಲಿ ಮದುವೆಯ ಹಿಂದಿನ ಸಂಜೆ ನೆರೆಯವರು ಹೆಣ್ಣಿನ ಹೊಸಿಲಿಗೆ ಪಿಂಗಾಣಿ ಎಸೆದು ಒಡೆಯುತ್ತಾರೆ. ಭಟ್ಟಿಯಲ್ಲಿ ಸೊಟ್ಟಗಾದ ತಟ್ಟೆ, ಬಿರುಕು ಬಿಟ್ಟ ಬಸಿಗಳನ್ನು ಅದಕ್ಕೆಂದೇ ಎಲ್ಲರೂ ಕೂಡಿಡುತ್ತಾರೆ. ಚೂರು ಹೆಚ್ಚಿದಷ್ಟೂ ಹಾರೈಕೆ ಹೆಚ್ಚು; ಅವನ್ನು ಮದುಮಗಳೇ ಗುಡಿಸಬೇಕು. ಯಾರೂ ಒಡೆಯದಿದ್ದರೆ ಊರು ಒಪ್ಪಲಿಲ್ಲವೆಂದೇ ಲೆಕ್ಕ.

ನನ್ನ ಮೊದಲ ಗಂಡ ಎರ್ವಿನ್ ತೀರಿಕೊಂಡು ಆರು ವರ್ಷ. ಅವನ ತಂಗಿ ಟ್ರೂಡಾಳದು ಎದುರು ಮನೆ. ಕಾರ್ಖಾನೆಯಲ್ಲೂ ಅವಳು ನನ್ನ ಪಕ್ಕದಲ್ಲೇ ಕೂತು ಬಟ್ಟಲುಗಳಿಗೆ ಚಿನ್ನದ ಅಂಚು ಬಿಡಿಸುತ್ತಾಳೆ. ಮದುವೆಯ ಸುದ್ದಿ ಕೇಳಿದ ಮೇಲೆ ನನ್ನೊಡನೆ ಮಾತು ಬಿಟ್ಟಿದ್ದಳು. ಸತ್ತ ಗಂಡನ ಮನೆಯವರು ಮೊದಲು ಒಡೆಯದೆ ವಿಧವೆಯ ಹೊಸಿಲಿಗೆ ಬೇರೆ ಯಾರೂ ಕೈ ಎತ್ತುವುದಿಲ್ಲ.

ಕಿಟಕಿಯಿಂದ ಇಣುಕಿದೆ. ಓಣಿಯ ಹೆಂಗಸರೆಲ್ಲ ಬುಟ್ಟಿ ಹಿಡಿದು ನಿಂತಿದ್ದರು, ಟ್ರೂಡಾಳ ಬಾಗಿಲನ್ನೇ ನೋಡುತ್ತ.

"ಏನ್ರೇ, ಕೈ ಬಿದ್ದೋಯ್ತಾ ನಿಮ್ಗೆ?" ಮುದುಕಿ ಹೆಡ್ವಿಗ ಕೂಗಿದಳು. "ಚಳೀಲಿ ನಾನು ಸಾಯ್ತಿದೀನಿ. ಒಳಗಿಂದ ಗಸಗಸೆ ಕೇಕಿನ ವಾಸ್ನೆ ಬೇರೆ!"

"ಸುಮ್ನಿರಜ್ಜಿ, ಟ್ರೂಡಾ ಬರ್ಲಿ."

"ಬರ್ದಿದ್ರೆ?"

ಒಬ್ಬಳು ಬುಟ್ಟಿಯನ್ನು ನೆಲಕ್ಕಿಟ್ಟಳು.

ಎದುರು ಬಾಗಿಲು ತೆರೆಯಿತು. ಟ್ರೂಡಾ ಎರಡೂ ಕೈಯಲ್ಲಿ ಅಪ್ಪಿ ಹಿಡಿದಿದ್ದು ದೊಡ್ಡ ಸಾರಿನ ಬೋಗುಣಿ. ನನ್ನ ಮೊದಲ ಮದುವೆಗೆ ಅವಳೇ ಚಿತ್ರ ಬರೆದು ಕೊಟ್ಟಿದ್ದು. ಅಣ್ಣ ಸತ್ತ ವಾರ ನೆನಪಿಗೆಂದು ಕೇಳಿ ಒಯ್ದಿದ್ದು. ಬಾಗಿಲು ತೆರೆದು ಹೊರಗೆ ಬಂದೆ. ವಾಪಸು ಕೊಡಲು ತಂದಳೇ? ಎಲ್ಲ ಮುಗಿಯಿತು ಎಂದು ಹೇಳಲು ಬಂದಳೇ?

"ಅಯ್ಯೋ, ಅದು ಚೆನ್ನಾಗಿರೋದು ಕಣೇ!" ಯಾರೋ ಚೀರಿದರು.

"ಗೊತ್ತು," ಎಂದಳು ಟ್ರೂಡಾ. ಕಣ್ಣು ಕೆಂಪಾಗಿತ್ತು. "ನಮ್ಮತ್ತಿಗೆಗೆ ಸೊಟ್ಟ ತಟ್ಟೆ ಒಡೀಲಾ ನಾನು?"

ಬೋಗುಣಿ ನನ್ನ ಕಾಲ ಬಳಿ ಸಿಡಿಯಿತು. ಮರುಕ್ಷಣವೇ ತಟ್ಟೆ, ಬಸಿ, ಟೀ ಕೆಟಲು, ಹಿಡಿಯಿಲ್ಲದ ಬಟ್ಟಲು, ಆಲಿಕಲ್ಲಿನಂತೆ! ಓಣಿಯ ಪಾರಿವಾಳಗಳೆಲ್ಲ ಒಮ್ಮೆಗೇ ಹಾರಿದವು. ಹೆಡ್ವಿಗಜ್ಜಿ ಎಸೆದದ್ದು ಗುರಿ ತಪ್ಪಿ ಹೂಕುಂಡಕ್ಕೆ ಬಿತ್ತು. ನಾನು ನಗುತ್ತ, ಅಳುತ್ತ, ಗುಡಿಸಿದ್ದನ್ನೇ ಮತ್ತೆ ಗುಡಿಸುತ್ತಿದ್ದೆ.

"ನೆಟ್ಟಗೆ ಗುಡ್ಸು ಅತ್ಗೆ," ಟ್ರೂಡಾ ಸೊಂಟದ ಮೇಲೆ ಕೈಯಿಟ್ಟು ಗದರಿದಳು. "ನಿನ್ ಅಲೊಯ್ಜ ಬರಿಗಾಲಲ್ಲಿ ಓಡಾಡೋ ಪ್ರಾಣಿ. ನೋಡು, ಅಲ್ಲೊಂದು ಚೂರು ಉಳೀತು."