ತನ್ನದೇ ಉಸಿರಿನ ಸದ್ದು

ಹದಿಮೂರನೆಯ ಮೋಟಾರಿನ ಮೇಲೆ ಉದ್ದ ಸ್ಕ್ರೂಡ್ರೈವರಿನ ತುದಿಯಿಟ್ಟು, ಅದರ ಮರದ ಹಿಡಿಗೆ ವೇಣಿ ಬಲಗಿವಿ ಒತ್ತಿದಳು. ಬೇರಿಂಗು ಚೆನ್ನಾಗಿದ್ದರೆ ಒಂದೇ ಸಮನೆ ಗುಂಯ್ ಅನ್ನುತ್ತದೆ. ಕೆಟ್ಟಿದ್ದರೆ ಅನ್ನದಲ್ಲಿ ಕಲ್ಲು ಸಿಕ್ಕಂತೆ ಕರಕರ. ಪೀಣ್ಯದ ಈ ಶೆಡ್ಡಿನಲ್ಲಿ ಆರು ವರ್ಷದಿಂದ ಆ ಕಲ್ಲು ಹಿಡಿಯುವುದೇ ಅವಳ ಕೆಲಸ. ಈಗ ಕೇಳಿಸಿದ್ದು ಅವಳದೇ ಉಸಿರು, ಕುಲುಮೆಯ ತಿದಿಯ ಹಾಗೆ.

ವಾಷರ್ ಬೀಳಿಸಿಕೊಂಡವಳಂತೆ ಬಗ್ಗಿ ತಲೆಯನ್ನು ಮೊಣಕಾಲುಗಳ ನಡುವೆ ತಂದಳು. ಬಗ್ಗಿದರೆ ಉಸಿರಿನ ಸದ್ದು ನಿಲ್ಲುತ್ತಿತ್ತು. ಎದ್ದ ಮೇಲೆ ಹತ್ತೆಣಿಸುವಷ್ಟು ಹೊತ್ತು ಮೋಟಾರು, ಆಮೇಲೆ ಮತ್ತೆ ಉಸಿರು.

"ಏನಮ್ಮಾ, ದಿನಾ ಅಷ್ಟೊಂದು ವಾಷರ್ ಬೀಳ್ತವಾ?" ಸೂಪರ್‌ವೈಸರ್ ನರಸಿಂಹಯ್ಯ ಹಿಂದೆಯೇ ನಿಂತಿದ್ದರು. "ನೀನು ಓಕೆ ಮಾಡಿದ್ದು ಎರಡು ವಾಪಸ್ ಬಂದವೆ. ದೀಪಾವಳಿವರೆಗೂ ನೋಡ್ತೀನಿ. ಆಗ್ಲಿಲ್ಲಾಂದ್ರೆ ಪ್ಯಾಕಿಂಗ್‌ಗೆ ಹೋಗು."

"ಸರಿ ಸಾರ್" ಎಂದಳು. ಅಷ್ಟು ಮಾತೇ ತಲೆಯೊಳಗೆ ಕೊಡದಲ್ಲಿ ಕೂಗಿದಂತೆ ಮೊಳಗಿತು.

ಮಾರನೆಯ ದಿನ ಅರ್ಧ ದಿನ ರಜೆ ಹಾಕಿ ಆಸ್ಪತ್ರೆಗೆ ಹೋದಳು. ಅವಳು ಉಸಿರಾಡಿದಂತೆ ಕಿವಿಯ ತಮಟೆ ಒಳಗೂ ಹೊರಗೂ ಆಡುವುದನ್ನು ಡಾಕ್ಟರು ನೋಡಿದರು. ಕಿವಿ ಕಟ್ಟಿದೆ ಎಂದುಕೊಂಡು ತಿಂಗಳಿಂದ ಮೂಗಿಗೆ ಶೀತದ ಡ್ರಾಪ್ಸ್ ಬಿಟ್ಟುಕೊಳ್ಳುತ್ತಿದ್ದೇನೆ ಎಂದು ಅವಳು ಹೇಳಿದಾಗ ಅಲ್ಲವೆಂದು ತಲೆಯಾಡಿಸಿದರು.

"ಕಟ್ಟಿಲ್ಲಮ್ಮ. ಮೂಗಿನ ಹಿಂದಿನಿಂದ ಕಿವಿಗೊಂದು ನಾಳ ಇದೆ. ನುಂಗುವಾಗ ತೆರೆದು ಮುಚ್ಕೋಬೇಕು. ನಿಮ್ಮದು ಮುಚ್ತಾ ಇಲ್ಲ. ಆ ಡ್ರಾಪ್ಸ್ ಇನ್ನೂ ಒಣಗಿಸುತ್ತೆ, ಇವತ್ತೇ ಬಿಡಿ. ತೂಕ ಇಳಿದಿದೆಯಾ?"

"ಐದು ತಿಂಗಳಲ್ಲಿ ಹನ್ನೊಂದು ಕೆ.ಜಿ. ಒಪ್ಪತ್ತು ಮಾಡ್ತಿದೀನಿ ಸಾರ್."

"ನಾಳದ ಸುತ್ತ ಇದ್ದ ಕೊಬ್ಬು ಕರಗಿರಬೇಕು. ನೀರು ಜಾಸ್ತಿ ಕುಡೀರಿ, ಮೂಗಿಗೆ ಉಪ್ಪುನೀರಿನ ಹನಿ ಬಿಡಿ, ಹೊಟ್ಟೆ ತುಂಬ ಊಟ ಮಾಡಿ. ತಮಟೇಲಿ ಸಣ್ಣ ನಳಿಕೆ ಕೂರಿಸೋದುಂಟು, ದೊಡ್ಡ ಆಸ್ಪತ್ರೇಲಿ ಆಪರೇಷನ್ನೂ ಉಂಟು. ಎರಡಕ್ಕೂ ಗ್ಯಾರಂಟಿ ಇಲ್ಲ. ಮೊದಲು ತೂಕ."

ರಾಜಗೋಪಾಲನಗರದ ಮನೆಯಲ್ಲಿ ಅತ್ತೆ ರಾಮಕ್ಕ ಸೊಪ್ಪು ಬಿಡಿಸುತ್ತಿದ್ದರು. ಮಗ ಕಾಮಾಲೆಯಿಂದ ಎದ್ದರೆ ಸೊಸೆ ವರ್ಷವಿಡೀ ಒಪ್ಪತ್ತೇ ಉಣ್ಣುತ್ತಾಳೆಂದು ತಿಮ್ಮಪ್ಪನಿಗೆ ಹರಕೆ ಹೊತ್ತವರು ಅವರು. ಮಗ ಎದ್ದಿದ್ದ. ಅವರು ಮೂರು ಹೊತ್ತೂ ಉಣ್ಣುತ್ತಿದ್ದರು.

ವೇಣಿ ಡಾಕ್ಟರ ಮಾತು ಹೇಳಿದಳು.

"ಕಿವಿಗೂ ಒಟ್ಟೆಗೂ ಏನೇ ಸಂಬಂಧ? ಅಂಗಾದ್ರೆ ಕಾಲು ನೋವಿಗೆ ಮುದ್ದೆ ಕಟ್ಕೋ," ಎಂದರು ರಾಮಕ್ಕ. ಆಮೇಲೆ ಸೊಪ್ಪು ಕೆಳಗಿಟ್ಟು, "ಇನ್ನೇಳು ತಿಂಗಳು ಕಣವ್ವ. ನಡುವೆ ಮುರಿದು ನನ್ನ ಮಗನ್ಗೆ ಏನಾದ್ರೂ ಆದ್ರೆ?" ಎಂದರು. ಕಣ್ಣಲ್ಲಿ ನಿಜವಾದ ಭಯವಿತ್ತು.

ಗಂಡ ರಾಮಾಂಜಿನಪ್ಪ ರೇಡಿಯೊದ ಸದ್ದು ಸ್ವಲ್ಪ ಏರಿಸಿದ. ಆ ಭಯ ವೇಣಿಗೂ ಅಂಟಿತು. ಅವನ ಕಣ್ಣಿನ ಅರಿಶಿನ ಬಣ್ಣ ಅವಳಿನ್ನೂ ಮರೆತಿರಲಿಲ್ಲ.

ಬೆಳಿಗ್ಗೆ ಮೊದಲ ಮೋಟಾರಿಗೇ ಉಸಿರು ಅಡ್ಡ ಬಂತು. ಬಗ್ಗಿದಳು, ಎದ್ದಳು, ಎಣಿಸಿದಳು. ಎಣಿಕೆ ಒಂಬತ್ತಕ್ಕೆ ಬಂದಾಗ ಕರಕರ ಎಂದಂತಾಯಿತು. ಹೌದೋ ಅಲ್ಲವೋ ತಿಳಿಯುವ ಮೊದಲೇ ಉಸಿರು ಅದನ್ನು ಮುಚ್ಚಿಹಾಕಿತು. ಗಾಜಿನ ಕೋಣೆಯಿಂದ ನರಸಿಂಹಯ್ಯ ನೋಡುತ್ತಿದ್ದರು. ಪ್ಯಾಕಿಂಗ್‌ನಲ್ಲಿ ಸಂಬಳ ಕಡಿಮೆಯಿಲ್ಲ. ಆದರೆ ಅಲ್ಲಿ ಯಾರೂ ಯಾರನ್ನೂ "ಇದನ್ನೊಂದು ಕೇಳಿ ಹೇಳಿ" ಎಂದು ಕರೆಯುವುದಿಲ್ಲ. ಆ ಮೋಟಾರನ್ನು ಅವಳು ಪಾಸು ಮಾಡಲಿಲ್ಲ, ಪಕ್ಕಕ್ಕಿಟ್ಟಳು.

ಮಧ್ಯಾಹ್ನದ ಗಂಟೆಗೆ ಎಲ್ಲರೂ ಎದ್ದರು. ಐದು ತಿಂಗಳಿಂದ ಅವಳು ಊಟ ಬಿಟ್ಟು ನೀರಿನ ಡ್ರಮ್ಮಿನ ಪಕ್ಕ ಕೂತು ಕಳೆಯುತ್ತಿದ್ದ ಅರ್ಧ ಗಂಟೆಯದು. ಅವಳು ಕ್ಯಾಂಟೀನಿನ ಸಾಲಿನಲ್ಲಿ ಕೊನೆಗೆ ನಿಂತಳು. ಇನ್ನು ಮೇಲೆ ಇಲ್ಲೊಂದು ಊಟ. ರಾತ್ರಿ ಅತ್ತೆಯೆದುರು ಇನ್ನೊಂದು, ದಿನದ ಮೊದಲನೆಯದೆಂಬಂತೆ. ಪಾಪ ಬಂದರೆ ತನಗೇ ಬರಲಿ, ಗಂಡನಿಗೆ ಬೇಡ ಎಂದು ತಿಮ್ಮಪ್ಪನಿಗೆ ಮನಸ್ಸಿನಲ್ಲೇ ಹೇಳಿದಳು. ತಟ್ಟೆ ಚಾಚಿದಳು.

"ಅನ್ನ ಇನ್ನೊಂಚೂರು ಹಾಕಿ," ಎಂದಳು.